ಸೂಜಿಯೋ ಕೈಯೋ: ಸ್ನಾಯು ನೋವಿಗೆ ಡ್ರೈ ನೀಡ್ಲಿಂಗ್, ಮಸಾಜ್ ನಡುವೆ ಆರಿಸಿಕೊಳ್ಳುವುದು ಹೇಗೆ

ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರ ಹೆಗಲ ಮೇಲೆ ಕೈಯಿಟ್ಟು ನೋಡಿ. ಕುತ್ತಿಗೆಗೂ ಭುಜದ ತುದಿಗೂ ನಡುವೆ, ಬಿಗಿದ ಹಗ್ಗದಂಥ ಒಂದು ಎಳೆ ಬೆರಳಿಗೆ ಸಿಗುತ್ತದೆ. ಆ ಎಳೆಯ ಮೇಲೆ ಒಂದು ನಿರ್ದಿಷ್ಟ ಜಾಗ ಒತ್ತಿದರೆ ನೋವು ಅಲ್ಲೇ ನಿಲ್ಲುವುದಿಲ್ಲ, ಕುತ್ತಿಗೆಯ ಪಕ್ಕದಿಂದ ಹತ್ತಿ ಕಣತಲೆಯವರೆಗೂ ಹೋಗುತ್ತದೆ. ಜನ "ಗಂಟು ಕಟ್ಟಿದೆ" ಎನ್ನುವುದು ಇದಕ್ಕೇ. ಫಿಸಿಯೋಥೆರಪಿಯವರು ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಕ್ಲಿನಿಕ್‌ಗೆ ಹೋದರೆ "ನೀಡ್ಲಿಂಗ್ ಮಾಡೋಣವಾ?" ಎಂದು ಕೇಳುತ್ತಾರೆ, ಅಂದರೆ ಆ ಗಂಟಿಗೆ ಔಷಧಿಯಿಲ್ಲದ ತೆಳು ಸೂಜಿ ಚುಚ್ಚುವ ಡ್ರೈ ನೀಡ್ಲಿಂಗ್. ಮನೆಯಲ್ಲಿ "ಸೂಜಿಗೀಜಿ ಯಾಕೆ, ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರೆ ಹೋಗತ್ತೆ" ಎನ್ನುತ್ತಾರೆ.

ಎರಡೂ ತಪ್ಪಲ್ಲ. ನೋವು ಎಷ್ಟು ಆಳದಲ್ಲಿದೆ, ಎಷ್ಟು ಅಗಲಕ್ಕೆ ಹರಡಿದೆ ಎಂಬ ಎರಡು ಪ್ರಶ್ನೆ ಕೇಳಿಕೊಂಡರೆ ಆಯ್ಕೆ ಬಹುಪಾಲು ತಾನಾಗಿಯೇ ಇತ್ಯರ್ಥವಾಗುತ್ತದೆ. ಬೆರಳಿಗೆ ಎಟುಕದಷ್ಟು ಆಳದಲ್ಲಿ, ಒಂದೆರಡು ಬಿಂದುಗಳಲ್ಲೇ ಕೂತ ಹಳೆಯ ನೋವಿಗೆ ಸೂಜಿ. ಅಂಗೈ ಅಗಲಕ್ಕಿಂತ ಹೆಚ್ಚು ಹರಡಿದ, ಮೇಲ್ಪದರದ ಬಿಗಿತಕ್ಕೆ ಕೈ. ಉಳಿದದ್ದೆಲ್ಲ ಈ ನಿಯಮಕ್ಕೆ ಇರುವ ವಿನಾಯಿತಿಗಳು. ಆದರೆ ಪೆಟ್ಟು ಬೀಳುವುದು ಆ ವಿನಾಯಿತಿಗಳಲ್ಲೇ.

ಮೊದಲು, ಇದು ಸ್ನಾಯುವಿನ ನೋವು ಹೌದೋ ಅಲ್ಲವೋ

ನಮ್ಮಲ್ಲಿ ಯಾವ ನೋವಿಗಾದರೂ "ನರ ಹಿಡ್ಕೊಂಡಿದೆ" ಎನ್ನುವ ರೂಢಿ ಇದೆ. ನಿಜಕ್ಕೂ ನರದ ನೋವಾದರೆ ಅದರ ನಡವಳಿಕೆಯೇ ಬೇರೆ: ಕರೆಂಟ್ ಹೊಡೆದಂತೆ ಗೆರೆ ಎಳೆದು ಇಳಿಯುತ್ತದೆ, ಜೊತೆಗೆ ಜೋಮು, ಮರಗಟ್ಟುವುದು, ಕಾಲ್ಬೆರಳು ಎತ್ತಲು ಆಗದಿರುವುದು ಇರಬಹುದು. ಸ್ನಾಯುವಿನ ನೋವು ಮಂದವಾಗಿ, ಒಳಗೆ ಹಿಂಡಿದಂತೆ ಇರುತ್ತದೆ. ಸರಿಯಾದ ಜಾಗ ಒತ್ತಿದಾಗ "ಹ್ಞಾಂ, ಇದೇ ನನ್ನ ನೋವು" ಎಂದು ಗುರುತು ಸಿಗುತ್ತದೆ. ಈ ಗುರುತು ಸಿಗದಿದ್ದರೆ ಸೂಜಿಗೂ ಮಸಾಜಿಗೂ ಅವಸರ ಬೇಡ.

ಕೆಲವು ಲಕ್ಷಣಗಳಿದ್ದರೆ ಎರಡನ್ನೂ ಬಿಟ್ಟು ನೇರವಾಗಿ ಡಾಕ್ಟರ ಬಳಿ ಹೋಗಬೇಕು. ಸೊಂಟ ನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿರುವುದು. ಎಡಭುಜ, ದವಡೆ, ಎದೆಯ ನೋವಿನ ಜೊತೆ ಬೆವರು. ಒಂದೇ ಕಾಲಿನ ಮೀನಖಂಡ ಊದಿ, ಮುಟ್ಟಿದರೆ ಬಿಸಿಯಾಗಿ ನೋಯುವುದು: ಇದು ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು, ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು. ಮಳೆಗಾಲದಲ್ಲಿ ಇನ್ನೊಂದನ್ನೂ ಸೇರಿಸಿಕೊಳ್ಳಿ: ಜ್ವರದ ಜೊತೆ ಮೈಯೆಲ್ಲ ಮುರಿದಂತಾಗಿದ್ದರೆ ಅದು ಡೆಂಗಿ ಇರಬಹುದು. ಪ್ಲೇಟ್‌ಲೆಟ್ ಇಳಿದ ಮೈಗೆ ಸೂಜಿ ಚುಚ್ಚುವುದೂ, ಬಲವಾಗಿ ತಿಕ್ಕುವುದೂ ಎರಡೂ ಕೇಡೇ.

ಸೂಜಿಯ ಒಳಗೆ ಏನೂ ಇಲ್ಲ

"ಡ್ರೈ" ಎಂಬ ಮಾತು ಬಂದದ್ದೇ ಅದರಿಂದ. ಟ್ರಿಗರ್ ಪಾಯಿಂಟ್‌ಗಳ ವಿಚಾರವನ್ನು ಬೆಳೆಸಿದವರು ಅಮೆರಿಕದ ಡಾಕ್ಟರ್ ಜಾನೆಟ್ ಟ್ರಾವೆಲ್, ಅಧ್ಯಕ್ಷ ಕೆನಡಿಯ ಬೆನ್ನು ನೋವಿಗೆ ಚಿಕಿತ್ಸೆ ಕೊಟ್ಟವರು. ಅವರ ಕಾಲದಲ್ಲಿ ಆ ಬಿಂದುಗಳಿಗೆ ಮರಗಟ್ಟಿಸುವ ಔಷಧಿಯ ಇಂಜೆಕ್ಷನ್ ಕೊಡುತ್ತಿದ್ದರು. 1979ರಲ್ಲಿ ಜೆಕ್ ವೈದ್ಯ ಕಾರೆಲ್ ಲೆವಿತ್, ಸರಿಯಾದ ಬಿಂದುವಿಗೆ ಸೂಜಿ ತಾಗಿದರೆ ಔಷಧಿ ಇಲ್ಲದೆಯೂ ನೋವು ಇಳಿಯುತ್ತದೆ ಎಂದು ಬರೆದರು. ಅಲ್ಲಿಂದ ಒಣ ಸೂಜಿಯ ಕಡೆಗೆ ಗಮನ ಹೆಚ್ಚಿತು.

ಬಳಸುವುದು ಅಕ್ಯುಪಂಕ್ಚರ್‌ನ ಸೂಜಿಯನ್ನೇ. ನಕ್ಷೆ ಮಾತ್ರ ಬೇರೆ. ಅಕ್ಯುಪಂಕ್ಚರ್ ಚೀನೀ ಪದ್ಧತಿಯ ನಾಡಿಮಾರ್ಗಗಳನ್ನು ಅನುಸರಿಸುತ್ತದೆ, ಇಲ್ಲಿ ಬೆರಳಿಗೆ ಸಿಕ್ಕ ಬಿಗಿ ಎಳೆಯೇ ಗುರಿ. ದಪ್ಪ ಸಾಮಾನ್ಯವಾಗಿ 0.25 ಅಥವಾ 0.30 ಮಿ.ಮೀ. ರಕ್ತ ಪರೀಕ್ಷೆಗೆ ಬಳಸುವ ಸೂಜಿ ಇದರ ಎರಡೂವರೆ ಮೂರು ಪಟ್ಟು ದಪ್ಪ, ಮೇಲಾಗಿ ಅದರ ತುದಿ ಓರೆಯಾಗಿ ಕತ್ತರಿಸಿದ್ದು, ಚರ್ಮವನ್ನು ಕೊಯ್ದುಕೊಂಡು ಹೋಗುತ್ತದೆ. ಇದರ ತುದಿ ಮೊನೆಯಾಗಿದ್ದು ಎಳೆಗಳನ್ನು ಪಕ್ಕಕ್ಕೆ ಸರಿಸಿಕೊಂಡು ಇಳಿಯುತ್ತದೆ. ಹಾಗಾಗಿ ಇಂಜೆಕ್ಷನ್‌ಗೆ ಹೆದರುವವರಿಗೂ ಚುಚ್ಚಿದ್ದು ಹೆಚ್ಚಾಗಿ ಗೊತ್ತಾಗುವುದಿಲ್ಲ. ನೋವು ಬರುವುದು ಆಮೇಲೆ.

ಹೆಗಲಿನ ಮೇಲಿನ ಸ್ನಾಯುವನ್ನೇ ತೆಗೆದುಕೊಳ್ಳಿ. ರೋಗಿಯನ್ನು ಬೋರಲಾಗಿ ಅಥವಾ ಪಕ್ಕಕ್ಕೆ ಮಲಗಿಸುತ್ತಾರೆ. ಕೂರಿಸಿ ಮಾಡಬಾರದು, ತಲೆ ಸುತ್ತಿ ಬಿದ್ದರೆ ಸೂಜಿ ಬಾಗುತ್ತದೆ ಅಥವಾ ಒಳಕ್ಕೆ ಸರಿಯುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿ, ಅದು ಆರುವವರೆಗೆ ಕಾಯುತ್ತಾರೆ, ಒದ್ದೆ ಇದ್ದರೆ ಉರಿ. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸ್ನಾಯುವನ್ನು ಚಿವುಟಿದಂತೆ ಹಿಡಿದು, ಎದೆಗೂಡಿನಿಂದ ಮೇಲಕ್ಕೆತ್ತುತ್ತಾರೆ. ಇಡೀ ಕೆಲಸದ ಸುರಕ್ಷತೆ ಈ ಚಿವುಟಿನಲ್ಲಿದೆ. ಸೂಜಿಯ ದಿಕ್ಕು ಒಂದು ಬೆರಳಿನಿಂದ ಇನ್ನೊಂದು ಬೆರಳಿನ ಕಡೆಗಿರಬೇಕು, ಎದೆಯ ಕಡೆಗಲ್ಲ. ಪ್ಲಾಸ್ಟಿಕ್ ಕೊಳವೆಯೊಳಗಿಂದ ಸೂಜಿಯ ತಲೆಗೆ ಒಂದು ತಟ್ಟು ಕೊಟ್ಟರೆ ಅದು ಚರ್ಮ ದಾಟುತ್ತದೆ. ನಂತರ ಕೊಳವೆ ತೆಗೆದು ಮೆಲ್ಲಗೆ ಒಳಗೆ ಬಿಡುತ್ತಾ, ಒಂದಿಷ್ಟು ಹಿಂದೆಳೆದು ಮತ್ತೆ ಬೇರೆ ಓರೆಯಲ್ಲಿ ಬಿಡುತ್ತಾ ಬಿಂದುವನ್ನು ಹುಡುಕುತ್ತಾರೆ.

ಸಿಕ್ಕಾಗ ಸ್ನಾಯು ಮೀನು ಗಾಳ ಕಚ್ಚಿದಂತೆ ಒಮ್ಮೆ ಜಗ್ಗುತ್ತದೆ. ನೀವು ಜಗ್ಗಿಸಿದ್ದಲ್ಲ, ಅದು ಬೆನ್ನುಹುರಿಯ ಮಟ್ಟದಲ್ಲೇ ನಡೆಯುವ ಪ್ರತಿವರ್ತನೆ. ಅದರ ಹಿಂದೆಯೇ ಭಾರವಾದ, ಆಳದ, ಸೆಳೆತದಂಥ ನೋವು ಒಂದೆರಡು ಸೆಕೆಂಡು. ಜಗ್ಗಿದರೆ ಫಲ ಚೆನ್ನ ಎಂದು ಹಲವು ಥೆರಪಿಸ್ಟರು ನಂಬುತ್ತಾರೆ. ಆದರೆ ಜಗ್ಗಲೇಬೇಕು ಎಂದು ಒಂದೇ ಜಾಗದಲ್ಲಿ ಇಪ್ಪತ್ತು ಸಲ ಕುಟ್ಟುವವರ ಕೈಯಿಂದ ಎದ್ದು ಬರುವುದು ಒಳ್ಳೆಯದು. ಅಷ್ಟು ಕುಟ್ಟಿಸಿಕೊಂಡ ಸ್ನಾಯು ಮೂರು ದಿನ ಮುಟ್ಟಿಸಿಕೊಳ್ಳುವುದಿಲ್ಲ. ಕೆಲವರು ಕುಟ್ಟುವ ಬದಲು 10ರಿಂದ 20 ನಿಮಿಷ ಸೂಜಿಯನ್ನು ಹಾಗೇ ಬಿಡುತ್ತಾರೆ, ಕೆಲವರು ಅದಕ್ಕೆ ಸಣ್ಣ ಕರೆಂಟ್ ಕೊಡುತ್ತಾರೆ. ಪೇಸ್‌ಮೇಕರ್ ಇದ್ದವರಿಗೆ ಈ ಕರೆಂಟ್ ಬೇಡ.

ತೆಗೆದ ಮೇಲೆ ಅರ್ಧ ನಿಮಿಷ ಹತ್ತಿ ಒತ್ತಿ ಹಿಡಿದರೆ ನೀಲಿಗಟ್ಟುವುದು ಕಡಿಮೆ. ಕೊನೆಯಲ್ಲಿ ಹಾಕಿದ ಸೂಜಿ ಎಷ್ಟು, ತೆಗೆದದ್ದು ಎಷ್ಟು ಎಂದು ಎಣಿಸಬೇಕು. ಕೂದಲ ಅಂಚಿನಲ್ಲಿ, ಹೊದಿಕೆಯ ಮರೆಯಲ್ಲಿ ಒಂದು ಉಳಿದುಬಿಡಬಹುದು.

ಮೊದಲ ಸಲ ಎರಡು ಮೂರು ಸ್ನಾಯು ಸಾಕು. "ಇಡೀ ಬೆನ್ನಿಗೆ ಮಾಡಿಬಿಡಿ" ಎನ್ನುವವರಿಗೆ ಮರುದಿನ ಹಾಸಿಗೆಯಿಂದ ಏಳುವಾಗ ಉತ್ತರ ಸಿಗುತ್ತದೆ.

ಕೈ ಮಾಡುವ ಕೆಲಸ

ಮಸಾಜ್ ಎಂದ ಕೂಡಲೇ ಒಂದು ಗಂಟೆಯ ಮೈಪೂರ್ತಿ ಎಣ್ಣೆ ಸೇವೆ ನೆನಪಾಗುತ್ತದೆ. ಅದು ಒಂದು ಬಗೆ ಮಾತ್ರ. ಮಾಲೀಶು ನಮಗೆ ಹೊಸದೇನಲ್ಲ. ಗರಡಿಮನೆಯಲ್ಲಿ ಅದು ಸಾಮಿನ ಒಂದು ಭಾಗ, ದೀಪಾವಳಿಯ ಎಣ್ಣೆಸ್ನಾನದಲ್ಲಿ ಹಬ್ಬದ ಭಾಗ. ಆಯುರ್ವೇದದ ಅಭ್ಯಂಗ ಬೆಚ್ಚಗಿನ ಎಣ್ಣೆಯಲ್ಲಿ ಇಡೀ ಮೈಯನ್ನು ಸಮನಾದ ಹದದಲ್ಲಿ ನೀವುವುದು. ಮೈ ಸಡಿಲಾಗಲು, ನಿದ್ದೆ ಬರಲು ಅದಕ್ಕಿಂತ ಹಿತವಾದದ್ದು ಕಡಿಮೆ. ಆದರೆ ಹೆಗಲೆಲುಬಿನ ಅಡಿಯಲ್ಲಿ ಬೀಡುಬಿಟ್ಟ ಒಂದು ಗಂಟಿಗೆ ಅದು ಸಾಲದು, ಏಕೆಂದರೆ ಎಣ್ಣೆ ಹೆಚ್ಚಾದಷ್ಟೂ ಬೆರಳು ಜಾರುತ್ತದೆ, ಆಳಕ್ಕೆ ಹಿಡಿತ ಸಿಗುವುದಿಲ್ಲ. ನಿರ್ದಿಷ್ಟ ನೋವಿಗೆ ಮಾಡುವ ಮಸಾಜಿನಲ್ಲಿ ಬೆನ್ನಿಗೆ ಎರಡು ಚಮಚ ಎಣ್ಣೆ ಧಾರಾಳ. ಗಂಟಿನ ಮೇಲೆ ಕೆಲಸ ಮಾಡುವಾಗ ಅದನ್ನೂ ಒರೆಸಿಕೊಳ್ಳುತ್ತಾರೆ.

ಅದೇ ಹೆಗಲಿಗೆ ಕೈ ಹೀಗೆ ಕೆಲಸ ಮಾಡುತ್ತದೆ. ಮೊದಲು ಮೂರರಿಂದ ಐದು ನಿಮಿಷ ಅಂಗೈಯಿಂದ ಉದ್ದಕ್ಕೆ ನೀವಿ ಬೆಚ್ಚಗೆ ಮಾಡುವುದು. ಆಮೇಲೆ ಚಪಾತಿ ಹಿಟ್ಟು ನಾದಿದಂತೆ ಸ್ನಾಯುವನ್ನು ಎತ್ತಿ ಹಿಂಡುವುದು. ಬಿಗಿ ಎಳೆ ಸಿಕ್ಕ ಕಡೆ ಹೆಬ್ಬೆರಳು ಊರಿ ನಿಲ್ಲುವುದು. ಒತ್ತಡ ಹತ್ತರಲ್ಲಿ ಆರು ಏಳರಷ್ಟು ನೋವಾಗುವಂತಿರಬೇಕು, "ಹಿತವಾದ ನೋವು" ಎನ್ನುವಷ್ಟು. 30ರಿಂದ 90 ಸೆಕೆಂಡಿನೊಳಗೆ ನೋವು ಅರ್ಧಕ್ಕೆ ಇಳಿಯುತ್ತದೆ, ಬೆರಳಡಿಯ ಬಿಗಿ ಕರಗಿದಂತೆ ಅನ್ನಿಸುತ್ತದೆ. ಆಗ ಒತ್ತಡ ಬಿಟ್ಟು, ಎಳೆಯ ಉದ್ದಕ್ಕೆ ಒಂದೆರಡು ಸಲ ಎಳೆದು, ತಲೆಯನ್ನು ಎದುರು ಬದಿಗೆ ವಾಲಿಸಿ ಸ್ನಾಯುವನ್ನು ಹಿಗ್ಗಿಸುವುದು. ಒಂದು ಹೆಗಲಿಗೆ 15 ನಿಮಿಷ ಬೇಕಾದಷ್ಟಾಯಿತು.

90 ಸೆಕೆಂಡು ಕಳೆದರೂ ನೋವು ಇಳಿಯದಿದ್ದರೆ ಒತ್ತಡ ಹೆಚ್ಚಾಗಿದೆ ಎಂದರ್ಥ, ಕಡಿಮೆಯಾಗಿದೆ ಎಂದಲ್ಲ. ಇಲ್ಲೇ ಬಹಳ ಜನ ಎಡವುವುದು. ನೋವಾದಷ್ಟೂ ಒಳ್ಳೆಯದು ಎಂದುಕೊಂಡು ಹಲ್ಲು ಕಚ್ಚಿ ಸಹಿಸುತ್ತಾರೆ. ಉಸಿರು ಬಿಗಿಹಿಡಿದು, ಕಾಲ್ಬೆರಳು ಮಡಚಿಕೊಂಡ ಮನುಷ್ಯನ ಸ್ನಾಯು ರಕ್ಷಣೆಗೆ ನಿಂತಿರುತ್ತದೆ. ಅದರ ಮೇಲೆ ಮೊಣಕೈ ಊರಿದರೆ ಆಗುವುದು ನೀಲಿಗಟ್ಟುವುದಷ್ಟೇ.

ಇನ್ನೆರಡು ನಂಬಿಕೆಗಳನ್ನೂ ಇಲ್ಲೇ ಬಿಟ್ಟುಬಿಡಬಹುದು. ಮಸಾಜ್ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತದೆ ಎನ್ನುವುದು: ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲಿ ದೇಹ ತಾನೇ ಅದನ್ನು ಖಾಲಿ ಮಾಡಿರುತ್ತದೆ, ಮರುದಿನದ ನೋವಿಗೆ ಅದು ಕಾರಣವೇ ಅಲ್ಲ. ಮಸಾಜ್ ಆದ ಮೇಲೆ "ವಿಷ ಹೊರಹೋಗಲು" ಎರಡು ಲೀಟರ್ ನೀರು ಕುಡಿಯಬೇಕು ಎನ್ನುವುದು: ಬಾಯಾರಿದರೆ ಕುಡಿಯಿರಿ.

ಎರಡರ ಫಲ ಎಷ್ಟು ದಿನ

ಈ ಪ್ರಶ್ನೆಗೆ ಜಾಹೀರಾತುಗಳು ಕೊಡುವ ಉತ್ತರ ಬೇರೆ, ಸಂಶೋಧನೆಗಳು ಕೊಡುವುದು ಬೇರೆ. ಕುತ್ತಿಗೆ, ಹೆಗಲಿನ ಟ್ರಿಗರ್ ಪಾಯಿಂಟ್ ನೋವಿಗೆ ಎರಡೂ ಕೆಲವು ದಿನಗಳಿಂದ ಕೆಲವು ವಾರಗಳ ಮಟ್ಟಿಗೆ ನೋವು ಇಳಿಸುತ್ತವೆ. ತಿಂಗಳುಗಳ ನಂತರ ಲೆಕ್ಕ ಹಾಕಿದರೆ ಸೂಜಿಗೂ ಕೈಗೂ ಇರುವ ವ್ಯತ್ಯಾಸ ಸಣ್ಣದು. ಟ್ರಿಗರ್ ಪಾಯಿಂಟ್ ಎಂಬ ಕಲ್ಪನೆಯ ಮೇಲೆಯೇ ತಕರಾರಿದೆ: ಒಬ್ಬರೇ ರೋಗಿಯನ್ನು ಇಬ್ಬರು ಪರಿಣತರು ಮುಟ್ಟಿ ನೋಡಿದಾಗ, ಗಂಟು ಇರುವ ಜಾಗದ ಬಗ್ಗೆ ಅವರಿಬ್ಬರ ಮಾತು ಹೊಂದುವುದೇ ಕಷ್ಟ.

ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಸಂಸ್ಥೆ ನೈಸ್ ಹೇಳುವುದನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕುತೂಹಲಕರ. 2016ರ ಸೊಂಟನೋವಿನ ಮಾರ್ಗಸೂಚಿಯಲ್ಲಿ ಅಕ್ಯುಪಂಕ್ಚರ್ ಕೊಡಬೇಡಿ ಎಂದಿತು, ಮಸಾಜನ್ನು ವ್ಯಾಯಾಮದ ಜೊತೆ ಸೇರಿಸಿ ಮಾತ್ರ ಪರಿಗಣಿಸಬಹುದು ಎಂದಿತು. 2021ರಲ್ಲಿ, ಬೇರೆ ಕಾಯಿಲೆಯ ಕಾರಣವಿಲ್ಲದ ದೀರ್ಘಕಾಲದ ನೋವಿಗೆ, ಒಂದು ಸರದಿ ಅಕ್ಯುಪಂಕ್ಚರ್ ಅಥವಾ ಡ್ರೈ ನೀಡ್ಲಿಂಗ್ ಪರಿಗಣಿಸಬಹುದು, ಒಟ್ಟು ಐದು ಗಂಟೆ ಮೀರದಂತೆ, ಎಂದಿತು. ಅಂದರೆ ಸೂಜಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಯಾವ ನೋವಿಗೆ ಎಂದು ಕೇಳಬೇಕು.

ಜಾಗ ನೋಡಿ ಆಯ್ಕೆ

ಪಿರ್ರೆಯ ಬದಿಯಲ್ಲಿ, ಪ್ಯಾಂಟಿನ ಹಿಂಬದಿ ಜೇಬಿನ ಆಳದಲ್ಲಿ ನೋವು. ಕೂತು ಎದ್ದಾಗ ಹೆಚ್ಚು, ತೊಡೆಯ ಹೊರಬದಿಯಲ್ಲಿ ಮೊಣಕಾಲಿನವರೆಗೋ ಅದರ ಕೆಳಗೋ ಇಳಿಯುತ್ತದೆ. ಎಂಆರ್‌ಐ ಮಾಡಿಸಿದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಆದರೂ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು, ಎಂದೇ ಹೆಸರು ಬಿದ್ದಿರುತ್ತದೆ. ಎಷ್ಟೋ ಸಲ ಇದು ಪಿರ್ರೆಯ ಒಳಪದರದ ಸಣ್ಣ ಸ್ನಾಯುಗಳ ಕೆಲಸ. ಮೇಲೆ ಕೊಬ್ಬಿನ ಪದರ, ಅದರಡಿ ದೊಡ್ಡ ಸ್ನಾಯು, ಅದರಡಿ ಇವು. ಹೆಬ್ಬೆರಳು ಅಲ್ಲಿಗೆ ಮುಟ್ಟುವುದೇ ಇಲ್ಲ. ಮೊಣಕೈ ಮುಟ್ಟಬಹುದು, ಆದರೆ ಮೇಲಿನ ಎರಡು ಪದರ ಜಜ್ಜಿದ ಮೇಲೆ. 60 ಅಥವಾ 75 ಮಿ.ಮೀ. ಸೂಜಿ ಸೀದಾ ತಲುಪುತ್ತದೆ. ಡ್ರೈ ನೀಡ್ಲಿಂಗ್ ತನ್ನ ಬೆಲೆ ಸಂಪಾದಿಸುವುದು ಇಂಥ ಕಡೆ. ಆದರೆ ಅದೇ ನೆರೆಯಲ್ಲಿ ಸಯಾಟಿಕ್ ನರವೂ ಹಾದುಹೋಗುತ್ತದೆ. ಕಾಲಿನ ಕೆಳಗೆ ಕರೆಂಟ್ ಹೊಡೆದರೆ ತಡೆದುಕೊಳ್ಳಬೇಡಿ, ತಕ್ಷಣ ಹೇಳಿ.

ಹೆಗಲು, ಕುತ್ತಿಗೆ: ಮೊದಲು ಕೈ. ಎರಡು ಮೂರು ಸಲ ಸರಿಯಾದ ಮಸಾಜ್ ಮಾಡಿಸಿಯೂ ಅದೇ ಒಂದು ಬಿಂದು ಮತ್ತೆ ಮತ್ತೆ ಕಾಡಿದರೆ ಸೂಜಿ. ಕೈಗೆ ಸುಲಭವಾಗಿ ಸಿಗುವ ಸ್ನಾಯುವಿಗೆ, ಶ್ವಾಸಕೋಶದ ನೆತ್ತಿಯ ಮೇಲೆಯೇ ಇರುವ ಜಾಗದಲ್ಲಿ, ಮೊದಲ ಯತ್ನಕ್ಕೇ ಸೂಜಿ ಹಿಡಿಯಲು ಕಾರಣವಿಲ್ಲ.

ಭುಜದ ಮುಂಭಾಗದ ನೋವು ತುಸು ಮೋಸದ್ದು. ಹೆಗಲೆಲುಬಿನ ಹಿಂದೆ ಹರಡಿದ ಸ್ನಾಯುವಿನ ಗಂಟು ನೋವನ್ನು ಮುಂದಕ್ಕೆ ಕಳಿಸುತ್ತದೆ. ಮುಂದೆ ಎಷ್ಟು ತಿಕ್ಕಿದರೂ ಫಲವಿಲ್ಲ. ಹಿಂದೆ ಒತ್ತಿ ನೋಡಿ, ನೋವು ಮುಂದೆ ಎದ್ದರೆ ಜಾಗ ಸಿಕ್ಕಿತು. ಇಲ್ಲಿ ಸೂಜಿಯ ಹಿಂದೆ ಮೂಳೆ ಇರುವುದರಿಂದ ಅಪಾಯ ಕಡಿಮೆ. ಎರಡರಲ್ಲಿ ಯಾವುದಾದರೂ ಆದೀತು.

ಮೀನಖಂಡಕ್ಕೆ ಕೈಯೇ ಮೇಲು. ಸೂಜಿ ಹಾಕಿದ ಮೀನಖಂಡ ಎರಡು ದಿನ ಮೆಟ್ಟಿಲು ಇಳಿಯಲು ಬಿಡುವುದಿಲ್ಲ. ಮೊಣಕೈಯ ಹೊರಬದಿ, ಮೌಸ್ ಹಿಡಿದವರಿಗೂ ಟೆನಿಸ್ ಆಡಿದವರಿಗೂ ಬರುವ ನೋವು: ಸ್ನಾಯು ತೆಳು, ಬೆರಳಿಗೆ ಸಿಗುತ್ತದೆ, ಮಸಾಜ್ ಮನೆಯಲ್ಲೇ ಮಾಡಿಕೊಳ್ಳಬಹುದು. ಅಲ್ಲಿ ನಿಜವಾದ ಔಷಧಿ ಮಣಿಕಟ್ಟಿನ ತೂಕದ ವ್ಯಾಯಾಮ.

ಕುಮಾರಪರ್ವತ ಹತ್ತಿ ಇಳಿದ ಮರುದಿನದ ತೊಡೆನೋವು, ಜಿಮ್ಮಿನ ಮೊದಲ ವಾರದ ಮೈಕೈ ನೋವು: ಒಂದರಿಂದ ಮೂರು ದಿನದೊಳಗೆ ಏರಿ ತಾನೇ ಇಳಿಯುತ್ತದೆ. ಹಗುರ ಮಸಾಜ್ ಹಿತ ಕೊಡುತ್ತದೆ. ಇದಕ್ಕೆ ಸೂಜಿ ಸಲಹೆ ಮಾಡಿದವರು ಸೂಜಿ ಮಾರುತ್ತಿದ್ದಾರೆ.

ಎಲ್ಲಿ ಕೆಡುತ್ತದೆ, ಯಾಕೆ

ಸೂಜಿಯ ಅತಿ ಗಂಭೀರ ಅಪಾಯ ಶ್ವಾಸಕೋಶಕ್ಕೆ ತೂತು ಬೀಳುವುದು. ಅಪರೂಪ, ಆದರೆ ಕಟ್ಟುಕತೆಯಲ್ಲ. ಶ್ವಾಸಕೋಶದ ತುದಿ ಕೊರಳ ಎಲುಬಿಗಿಂತಲೂ ಎರಡು ಮೂರು ಸೆಂ.ಮೀ. ಮೇಲಕ್ಕೆ ಚಾಚಿಕೊಂಡಿರುತ್ತದೆ. ಪಕ್ಕೆಲುಬುಗಳ ನಡುವೆ ಅದಕ್ಕೂ ಚರ್ಮಕ್ಕೂ ಇರುವ ಅಂತರ ತೆಳ್ಳಗಿನವರಲ್ಲಿ ಬಹಳ ಕಡಿಮೆ. ಹೆಗಲು, ಬೆನ್ನಿನ ಮೇಲರ್ಧ, ಎದೆ, ಪಕ್ಕೆ: ಈ ಜಾಗಗಳಿಗೆ ಸೂಜಿ ಹಾಕಿಸಿಕೊಂಡ ಮೇಲೆ ಏದುಸಿರು, ಉಸಿರೆಳೆದಾಗ ಚುಚ್ಚುವ ಎದೆನೋವು, ಒಣಕೆಮ್ಮು ಬಂದರೆ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ಮಾಡಿಸಬೇಕು. ಅದು ಕೂಡಲೇ ಕಾಣಿಸಿಕೊಳ್ಳಬೇಕೆಂದಿಲ್ಲ, ಹಲವು ಗಂಟೆ ಬಿಟ್ಟೂ ಬರಬಹುದು. "ಸೂಜಿ ಹಾಕಿಸಿದ್ದೆ" ಎನ್ನುವುದನ್ನು ಅಲ್ಲಿನ ಡಾಕ್ಟರಿಗೆ ಮೊದಲು ಹೇಳಿ. ಇಲ್ಲದಿದ್ದರೆ ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿಬಿಡಬಹುದು. ಬೆನ್ನಿನ ಮೇಲ್ಭಾಗಕ್ಕೆ ಸೂಜಿ ಹಾಕಿಸಿಕೊಂಡ ದಿನವೇ ವಿಮಾನ ಹತ್ತುವುದು ಬೇಡ.

ಉಳಿದವು ಸಣ್ಣವು. ಖಾಲಿ ಹೊಟ್ಟೆಯಲ್ಲಿ ಹೋದವರಿಗೆ ತಲೆ ಸುತ್ತು, ಹಾಗಾಗಿ ಒಂದೆರಡು ಗಂಟೆ ಮುಂಚೆ ಏನಾದರೂ ತಿಂದಿರಿ. ಸ್ನಾಯು ಸೂಜಿಯನ್ನು ಕಚ್ಚಿ ಹಿಡಿದರೆ ಎಳೆಯಬಾರದು. ಪಕ್ಕದಲ್ಲಿ ಮೆಲ್ಲಗೆ ತಟ್ಟಿ ಒಂದೆರಡು ನಿಮಿಷ ಬಿಟ್ಟರೆ ತಾನೇ ಸಡಿಲಿಸುತ್ತದೆ. ಒಂದರಿಂದ ಮೂರು ದಿನ ಪೆಟ್ಟು ಬಿದ್ದಂಥ ನೋವು ಸಹಜ, ಬಿಸಿನೀರಿನ ಚೀಲದಿಂದ 15 ನಿಮಿಷ ಶಾಖ ಕೊಟ್ಟರೆ ಸಾಕು. ಎಣ್ಣೆ ಸ್ನಾನ ಮಾಡಿ ಸೀದಾ ಸೂಜಿಗೆ ಹೋಗಬೇಡಿ. ಜಿಡ್ಡು ಮೈ ಸರಿಯಾಗಿ ಸ್ವಚ್ಛವಾಗುವುದಿಲ್ಲ, ಹಿಡಿತವೂ ಸಿಗುವುದಿಲ್ಲ.

ಸೂಜಿ ಬೇಡದವರು: ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ, ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಊದಿಕೊಂಡ ಕೈಗೆ, ಸೋಂಕಿರುವ ಚರ್ಮಕ್ಕೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿರುವಾಗ, ಗರ್ಭಿಣಿಯರಿಗೆ ಹೊಟ್ಟೆ ಸೊಂಟದ ಭಾಗಕ್ಕೆ. ಸೂಜಿ ಕಂಡರೆ ನಿಜಕ್ಕೂ ಹೆದರುವವರಿಗೆ ಒತ್ತಾಯ ಮಾಡಿ ಚುಚ್ಚಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ಕೆಲಸವೇ ಆಗುವುದಿಲ್ಲ.

ಮಸಾಜ್ ನಿರಪಾಯ ಎಂಬ ಭರವಸೆಯೂ ಅಷ್ಟು ಸರಿಯಲ್ಲ. ಕ್ಷೌರದಂಗಡಿಯಲ್ಲಿ ತಲೆ ಮಸಾಜ್ ಮುಗಿಸಿ ಕೊನೆಗೆ ಕುತ್ತಿಗೆಯನ್ನು ಲಟಕ್ಕನೆ ತಿರುಚುವ ಪದ್ಧತಿ ಇದೆಯಲ್ಲ, ಅದಕ್ಕೆ ಕುತ್ತಿಗೆ ಕೊಡಲೇಬೇಡಿ. ಮೆದುಳಿಗೆ ರಕ್ತ ಒಯ್ಯುವ ಧಮನಿಯ ಒಳಪದರ ಹರಿದರೆ ಪಾರ್ಶ್ವವಾಯು ಬರಬಹುದು. 2024ರಲ್ಲಿ ಬಳ್ಳಾರಿಯಲ್ಲಿ ಹೀಗೇ ಆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಇನ್ನೊಂದು, ಬಿದ್ದು ಉಳುಕಿದ ಕೂಡಲೇ "ಉಳುಕು ತೆಗೆಸಲು" ಓಡುವುದು. ಮೊದಲ ಎರಡು ಮೂರು ದಿನ ಆ ಜಾಗದಲ್ಲಿ ಒಳಗೆ ರಕ್ತ ಸೋರುತ್ತಿರುತ್ತದೆ, ತಿಕ್ಕಿದರೆ ಊತ ಹೆಚ್ಚುತ್ತದೆ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದ್ದರೆ ಎಳೆದಾಗ ಅದು ಜರುಗುತ್ತದೆ. ಕಬಡ್ಡಿ, ಫುಟ್‌ಬಾಲಿನಲ್ಲಿ ತೊಡೆಗೆ ಮಂಡಿ ಬಡಿದು ಗಡ್ಡೆಯಂತೆ ಊದಿದ್ದನ್ನು ಬಲವಾಗಿ ತಿಕ್ಕಿದರೆ, ಸ್ನಾಯುವಿನೊಳಗೇ ಮೂಳೆ ಬೆಳೆಯುವ ಸಾಧ್ಯತೆ ಉಂಟು.

ಯಾರ ಕೈಗೆ ಮೈ ಕೊಡುವುದು

ಬಿಪಿಟಿ (ಫಿಸಿಯೋಥೆರಪಿ ಪದವಿ) ಅಥವಾ ಎಂಪಿಟಿ (ಸ್ನಾತಕೋತ್ತರ ಪದವಿ) ಮುಗಿಸಿದ ಫಿಸಿಯೋಥೆರಪಿಸ್ಟರು ಡ್ರೈ ನೀಡ್ಲಿಂಗ್ ಕಲಿಯುವುದು ಸಾಮಾನ್ಯವಾಗಿ ಪದವಿಯ ನಂತರದ ಕೆಲವು ದಿನಗಳ ತರಬೇತಿಯಲ್ಲಿ. ಆದ್ದರಿಂದ ಗೋಡೆಯ ಮೇಲಿನ ಪದವಿಪತ್ರ ಅರ್ಧ ಮಾತ್ರ ಹೇಳುತ್ತದೆ. ಸೂಜಿಯ ತರಬೇತಿ ಎಷ್ಟು ದಿನದ್ದು, ಬೆನ್ನಿನ ಮೇಲ್ಭಾಗಕ್ಕೆ ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ ಎಂದು ಕೇಳಿ. ಬೇಸರಪಟ್ಟುಕೊಂಡರೆ ಅದೇ ಉತ್ತರ. ಪ್ರತಿ ಸೂಜಿಯ ಪೊಟ್ಟಣ ನಿಮ್ಮೆದುರೇ ಹರಿಯಬೇಕು, ಬಳಸಿದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಬೀಳಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುವುದು ಅದನ್ನೇ. "ನಿಮ್ಮ ಸೂಜಿ ನಿಮಗೇ ಎತ್ತಿಟ್ಟಿರುತ್ತೇವೆ" ಎನ್ನುವ ಕಡೆ ಕೂರಬೇಡಿ.

ಮಸಾಜಿನ ವಿಷಯದಲ್ಲಿ ಸ್ಪಾದವರಿಗೂ ಫಿಸಿಯೋಥೆರಪಿಸ್ಟರಿಗೂ ಇರುವ ವ್ಯತ್ಯಾಸ ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಒಬ್ಬರು ಎಣ್ಣೆಯ ಪರಿಮಳ ಯಾವುದು ಬೇಕೆಂದು ಕೇಳುತ್ತಾರೆ, ಇನ್ನೊಬ್ಬರು ಕೈ ಎತ್ತಿಸಿ, ತಲೆ ತಿರುಗಿಸಿ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳುತ್ತಾರೆ. ಆರಾಮಕ್ಕೆ ಮೊದಲಿನವರು ಸಾಕು, ನೋವಿಗೆ ಎರಡನೆಯವರು.

ಎರಡನ್ನೂ ಒಂದೇ ದಿನ ಮಾಡಿಸುವುದಾದರೆ ಹಗುರ ಮಸಾಜ್ ಮೊದಲು, ಸೂಜಿ ಆಮೇಲೆ. ಸೂಜಿ ಹಾಕಿದ ಜಾಗವನ್ನು 24 ಗಂಟೆ ಬಲವಾಗಿ ತಿಕ್ಕಿಸಬೇಡಿ. ಅದೇ ಸ್ನಾಯುವಿಗೆ ಮತ್ತೆ ಸೂಜಿ ಹಾಕಲು ಮೊದಲ ಸಲದ ನೋವು ಪೂರ್ತಿ ಇಳಿದಿರಬೇಕು, ಸುಮಾರು ಒಂದು ವಾರ.

ಬಿಡುವು ಸಿಕ್ಕ ಎರಡು ಮೂರು ದಿನ

ಸೂಜಿಯೂ ಕೈಯೂ ಕೊಡುವುದು ಒಂದು ಬಿಡುವು. ನೋವು ಇಳಿದ ಆ ದಿನಗಳಲ್ಲಿ ಸ್ನಾಯುವಿಗೆ ಕೆಲಸ ಕಲಿಸದಿದ್ದರೆ ಮುಂದಿನ ವಾರ ಅದೇ ಗಂಟು ಅದೇ ಜಾಗದಲ್ಲಿ. ಹೆಗಲಿನವರಿಗೆ: ಎರಡೂ ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಹೆಗಲನ್ನು ಕಿವಿಯ ಕಡೆ ನಿಧಾನ ಎತ್ತಿ ಇಳಿಸುವುದು, 12 ಸಲ, ಮೂರು ಸರದಿ, ದಿನ ಬಿಟ್ಟು ದಿನ. ಸುಲಭವಾದ ಮೇಲೆ ತೂಕ ಹೆಚ್ಚಿಸಿ. ಪಿರ್ರೆಯವರಿಗೆ: ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ತುಸು ಹಿಂದಕ್ಕೆ ಇಟ್ಟು ಎತ್ತುವುದು, ಅದೇ ಲೆಕ್ಕ. ಕಾಲು ಮುಂದಕ್ಕೆ ಜಾರಿದರೆ ತೊಡೆಯ ಮುಂಭಾಗ ಕೆಲಸ ಕದಿಯುತ್ತದೆ, ಪಿರ್ರೆಗೆ ಏನೂ ಸಿಗುವುದಿಲ್ಲ. ನಡುವೆ ಗಂಟು ಮತ್ತೆ ಎದ್ದರೆ ಕಾಲುಚೀಲದೊಳಗೆ ಟೆನಿಸ್ ಚೆಂಡು ಹಾಕಿ, ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒಂದು ನಿಮಿಷ ಒರಗಿ ನಿಲ್ಲಿ. ಬೆನ್ನುಮೂಳೆಯ ಮೇಲೆ ಮಾತ್ರ ಇಡಬೇಡಿ.

ಫಲ ಆಗಿದೆಯೋ ಇಲ್ಲವೋ ಎಂದು ಅಳೆಯಲು ಮಾತನ್ನು ನಂಬಬೇಡಿ, ನಿಮ್ಮ ಮಾತನ್ನು ಕೂಡ. ಚಿಕಿತ್ಸೆಗೆ ಮುಂಚೆ ಒಂದೇ ಕುರ್ಚಿಯಲ್ಲಿ ನೇರ ಕೂತು ತಲೆಯನ್ನು ನೋವಿನ ಕಡೆ ತಿರುಗಿಸಿ, ಗೋಡೆಯ ಮೇಲೆ ಯಾವ ವಸ್ತುವಿನವರೆಗೆ ಕಾಣುತ್ತದೆ ಎಂದು ಗುರುತು ಮಾಡಿಕೊಳ್ಳಿ. ಮರುದಿನ, ಮೂರನೆಯ ದಿನ, ಏಳನೆಯ ದಿನ ಮತ್ತೆ ನೋಡಿ. ಹತ್ತು ಸಲದ ಪ್ಯಾಕೇಜಿಗೆ ಮೊದಲೇ ದುಡ್ಡು ಕಟ್ಟಬೇಡಿ. ಮೂರು ಸಲ ಆದ ಮೇಲೂ ಏಳನೆಯ ದಿನದ ಗುರುತು ಇದ್ದಲ್ಲೇ ಇದ್ದರೆ ನಾಲ್ಕನೆಯದು ದಂಡ, ಅದು ಸೂಜಿಯಾಗಲಿ ಮಸಾಜಾಗಲಿ. ಆ ದುಡ್ಡಿನಲ್ಲಿ ಡಾಕ್ಟರನ್ನು ಕಂಡು ವಿಟಮಿನ್ ಡಿ, ಬಿ12, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಕೇಳಿ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದರಿಂದಲೂ ಸ್ನಾಯು ನೋಯಬಹುದು, ಆದರೆ ನೀವಾಗಿಯೇ ನಿಲ್ಲಿಸಬೇಡಿ.